ಗುಡ್ಡ ಸುತ್ತುವ ದಾರಿ

ಹೆಗ್ಗದ್ದೆ
21 ಜನವರಿ 2026, ಬುಧವಾರ

ನನ್ನ ಮುದ್ದು ಗಗನಾಳಿಗೆ,

ಮೊದಲು ಆ ಕತ್ತರಿ ಕೆಳಗಿಡು. ಆಶೀರ್ವಾದ, ಕ್ಷೇಮಸಮಾಚಾರ ಎಲ್ಲ ಆಮೇಲೆ.

ಪ್ರದರ್ಶನಕ್ಕೆಂದು ನೀನು ಹೊಲಿದ ನಮ್ಮೂರ ನಕ್ಷೆಯಲ್ಲಿರುವ ಗುಡ್ಡದ ದಾರಿಯ ಹೊಲಿಗೆಯನ್ನು ಬಿಚ್ಚಿಹಾಕುತ್ತೇನೆ ಅಂತ ನಿನ್ನೆ ನೀನು ಫೋನಿನಲ್ಲಿ ಅಂದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಆಗಲೇ ಹೇಳೋಣವೆಂದರೆ ಫೋನು ಸ್ಪೀಕರಿನಲ್ಲಿತ್ತು, ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು. ಅದಕ್ಕೇ ಈ ಕಾಗದ. ನಾಳೆ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಸ್ಟ್ಯಾಂಡಿಗೆ ಹೋಗಿ ಇಸ್ಕೊ.

ಹೋದ ವಾರ ಕಾಫಿ ಒಣಹಾಕುವ ಕಣದಲ್ಲಿ ನೀನು ಅದನ್ನು ಹಾಸಿದಾಗ ನಾನು ಅದರ ಸುತ್ತ ಎರಡು ಸಲ ನಡೆದು ನೋಡಿದೆ. ಕಾಫಿ ಚೀಲಗಳನ್ನು ಬಿಚ್ಚಿ ಜೋಡಿಸಿ, ನನ್ನ ಹಳೇ ಸೀರೆಗಳ ಅಂಚು ಕತ್ತರಿಸಿ, ಹಳ್ಳ, ಗದ್ದೆ, ಕೂಲಿಯವರ ಲೈನ್ ಮನೆ ಎಲ್ಲ ಮಾಡಿದ್ದೀಯಲ್ಲೇ! ನೀನು ಬಿದ್ದು ಮಂಡಿ ತರಚಿಕೊಂಡ ಕಲ್ಲು ನಮ್ಮ ಮನೆಗಿಂತ ದೊಡ್ಡದು. ಹೆದರಿದ ಜಾಗಕ್ಕೆಲ್ಲ ಕಪ್ಪು ದಾರ. ನಕ್ಷೆ ಅಂದರೆ ತಾಲ್ಲೂಕು ಆಫೀಸಿನ ಗೋಡೆ ಮೇಲೆ ಇರುವುದು ಅಂದುಕೊಂಡಿದ್ದವಳು ನಾನು. ಒಂದು ಊರನ್ನು ಹೀಗೂ ಬರೆಯಬಹುದು ಅಂತ ನನ್ನ ಮಗಳು ತೋರಿಸಿಕೊಟ್ಟಳು. ಹೆತ್ತವಳೇ ಇಷ್ಟು ಹೊಗಳಬಾರದು, ದೃಷ್ಟಿಯಾಗುತ್ತೆ. ಆದರೂ ಹೊಗಳುತ್ತೇನೆ, ಏನೀಗ?

ಅಷ್ಟರಲ್ಲಿ ನಿನ್ನ ಮೃತ್ಯುಂಜಯ ಚಿಕ್ಕಪ್ಪ ಬಂದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ಚಟ. ಮೊಬೈಲಿನ ಮ್ಯಾಪು ಪಕ್ಕದಲ್ಲಿ ಹಿಡಿದು, “ಸ್ಕೂಲಿಗೆ ಗೇಟಿನ ಮುಂದ್ಲ ರಸ್ತೆ ನೆಟ್ಟಗೈತೆ ಕಣವ್ವ. ಗುಡ್ಡ ಸುತ್ಕೊಂಡು ಯಾರು ಹೋಗ್ತಾರೆ? ನೋಡಿದವ್ರು ನಗಲ್ವಾ?” ಅಂದರು. ನಿನ್ನ ಮುಖ ಸಪ್ಪಗಾಯಿತು. ಅವರೆದುರಿಗೆ ನಾನು ಬಾಯಿ ಬಿಡುವಂತಿರಲಿಲ್ಲ.

ದಾರಿ ಸರಿಯಾಗಿದೆ ಕಣೇ. ಚಿಕ್ಕವಳಿದ್ದಾಗ ನಿನ್ನನ್ನು ದಿನಾ ಗುಡ್ಡ ಸುತ್ತಿಸಿಯೇ ಸ್ಕೂಲಿಗೆ ಬಿಡುತ್ತಿದ್ದೆ. ಯಾಕಮ್ಮ ಅಂದರೆ, ಕೆಳಗಡೆ ಆನೆ ಐತೆ ಅನ್ನುತ್ತಿದ್ದೆ. ಪಾಪ, ಆ ಆನೆಗಳ ಮೇಲೆ ಎಷ್ಟು ಅಪವಾದ ಹೊರಿಸಿದ್ದೇನೋ!

ಗುಡ್ಡದ ಆಚೆ ಮನೆಯ ಪಾರ್ವತಿ ದೊಡ್ಡಮ್ಮನಿಗೂ ನಮಗೂ ಮಾತಿಲ್ಲ ಅನ್ನುವುದು ನಿನಗೆ ಗೊತ್ತು. ಕೇಳಿದಾಗಲೆಲ್ಲ ಮಾತು ಮರೆಸಿದ್ದೇನೆ. ಬೇಲಿ ಸಾಲಿನ ಸಿಲ್ವರ್ ಮರಗಳಿಗಾಗಿ ಎರಡು ಮನೆಯವರೂ ಕಿತ್ತಾಡಿದರು. ನಿನ್ನ ಅಜ್ಜ, ನನ್ನ ಮಾವ ಮಹಾದೇವಯ್ಯನವರು ದೇವರ ಮುಂದೆ ಆಣೆ ಇಟ್ಟುಬಿಟ್ಟರು: ಒಬ್ಬರ ಹೊಸಿಲು ಒಬ್ಬರು ತುಳಿಯುವಂತಿಲ್ಲ, ಒಂದು ಮಾತೂ ಆಡುವಂತಿಲ್ಲ. ಆಣೆ ಬಿಡಿಸಬೇಕೆಂದರೆ ಎರಡೂ ಮನೆಯ ಗಂಡಸರು ಒಟ್ಟಿಗೆ ಹೋಗಿ ತಪ್ಪುಕಾಣಿಕೆ ಹಾಕಬೇಕು. ಮೊದಲು ಕರೆಯುವವರು ಯಾರು? ಅಜ್ಜ ಹೋದರು, ಆಣೆ ಉಳಿಯಿತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದು ಈ ಎರಡು ಮನೆಗೆ ಸೊಸೆಯರಾಗಿ ಬಂದ ನಾವು ಅಕ್ಕತಂಗಿಯರು ಅವರ ಜಗಳಕ್ಕೆ ಮೂಗಿಯರಾದೆವು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆದರೆ ಕೂಗುವುದು ಮಾತಲ್ಲವಲ್ಲ! ಗುಡ್ಡದ ದಾರಿಯ ತಿರುವಿನಲ್ಲಿ ನಿಂತು ನಾನು ಕೂ ಅನ್ನುತ್ತಿದ್ದೆ, ಆಚೆಯಿಂದ ಅಕ್ಕ ಕೂ ಅನ್ನುತ್ತಿದ್ದಳು. ಇದ್ದಾಳೆ, ಚೆನ್ನಾಗಿದ್ದಾಳೆ ಅಂತ ತಿಳಿದರೆ ಸಾಕಿತ್ತು. ನೀನು ಅಲ್ಲಿ ಬಿಳಿ ದಾರದಲ್ಲಿ ಬಳೆಬಳೆಯಾಗಿ ಹೊಲಿದು, ಅಮ್ಮ ಕೂಗಿದರೆ ಗುಡ್ಡ ಓಗೊಡುವ ಜಾಗ ಅಂದೆಯಲ್ಲ. ಅದು ಗುಡ್ಡ ಅಲ್ಲ ಮಗಳೇ, ನಿನ್ನ ದೊಡ್ಡಮ್ಮ. ಈಗ ನನಗೆ ಮಂಡಿನೋವು, ಗುಡ್ಡ ಹತ್ತಲಾರೆ. ಬೆಳಿಗ್ಗೆ ಒಬ್ಬರಿಗೊಬ್ಬರು ಮಿಸ್ಡ್ ಕಾಲ್ ಕೊಡುತ್ತೇವೆ, ಎತ್ತುವುದಿಲ್ಲ.

ನನ್ನಿಷ್ಟಕ್ಕೆ ನಾನು ನಡೆದದ್ದು ಅದೊಂದೇ ದಾರಿ. ಯಾರಿಗೂ ಹೇಳಿರಲಿಲ್ಲ, ಆದರೂ ನಿನ್ನ ಪುಟ್ಟ ಕಾಲು ಅದನ್ನು ನೆನಪಿಟ್ಟುಕೊಂಡಿತ್ತು. ಅದನ್ನು ಬಿಚ್ಚಿಬಿಟ್ಟರೆ ನಾನು ಅವಳನ್ನು ಕೂಗಿದ್ದಕ್ಕೆ ಎಲ್ಲೂ ಒಂದು ಗುರುತಿರುವುದಿಲ್ಲ. ಭಾನುವಾರ ಸಕಲೇಶಪುರದ ಪ್ರದರ್ಶನದಲ್ಲಿ ಅದು ಹಾಗೇ ಇರಲಿ. ಚಿಕ್ಕಪ್ಪ ಕೇಳಲಿ, ನಿಮ್ಮಪ್ಪನೇ ಕೇಳಲಿ, ನಿಜ ಹೇಳು. ಮನೆಯಲ್ಲಿ ರಂಪವಾದರೆ ನಾನು ನೋಡಿಕೊಳ್ಳುತ್ತೇನೆ.

ಕೆಲಸದ ಗುಂಗಿನಲ್ಲಿ ಊಟ ಮರೆಯಬೇಡ.

ನಿನ್ನ ಮೇಲೆ ಜಂಬಪಡುವ ಅಮ್ಮ,
ಗಂಗಾಮಣಿ

ತಾ.ಕ.: ಕವರು ಅಂಟಿಸುವ ಮೊದಲು ಮಹಿಳಾ ಸಂಘದ ಮೀಟಿಂಗಿಗೆ ಹೋಗಿದ್ದೆ. ಪಾರ್ವತಕ್ಕನ ಸೊಸೆ ಶೃತಿ ಸಿಕ್ಕಳು. ಆಣೆ ಆದಮೇಲೆ ಆ ಮನೆಗೆ ಬಂದವಳು, ಅವಳಿಗೆ ಅದು ತಗಲುವುದಿಲ್ಲ. ನೀನು ಸ್ಟೇಟಸ್ಸಿಗೆ ಹಾಕಿದ್ದ ನಕ್ಷೆಯ ಫೋಟೋವನ್ನು ಅತ್ತೆಗೆ ತೋರಿಸಿದಳಂತೆ. ಅಕ್ಕ ತಿರುವಿನ ಆಚೆಯ ಖಾಲಿ ಗೋಣಿಯ ಮೇಲೆ ಬೆರಳಿಟ್ಟು, “ಅವಳು ಬರೋ ದಾರಿ ಐತೆ, ನಾನು ಬರ್ತಿದ್ದ ದಾರಿ ಎಲ್ಲೋಯ್ತು?” ಅಂದಳಂತೆ. ಅವಳು ತನ್ನ ಅಂಗಳದಲ್ಲೇ ನಿಂತು ಓಗೊಡುತ್ತಾಳೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲಿಗೆ ನನ್ನ ಕೂಗು ಕೇಳಿಸುವುದೇ ಇಲ್ಲವಂತೆ ಗಗನಾ. ಅವಳೂ ದಿನಾ ಆ ಕಡೆಯಿಂದ ಗುಡ್ಡ ಹತ್ತಿ ಬಂದು ಕಾಯುತ್ತಿದ್ದಳಂತೆ. ಭಾನುವಾರ ಶೃತಿಯ ಜೊತೆ ಪ್ರದರ್ಶನಕ್ಕೆ ಬರುತ್ತಾಳೆ. ಸೂಜಿಗೆ ದಾರ ಪೋಣಿಸಿಟ್ಟಿರು, ತನ್ನ ದಾರಿಯನ್ನು ಅವಳೇ ಹೊಲಿಯುತ್ತಾಳಂತೆ.