ಹಗಲಿನಲ್ಲಿ ಆಡಿದ ನಾಟಕ

ಮೇಷ್ಟ್ರೇ,

ನಿಮ್ಮ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಏಟು ತಿಂದ ಮುನಿರಾಜು ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ನಿಮ್ಮನ್ನು ಕೇಳುವ ಹಾಗಿಲ್ಲ, ನೀವು ಹೋಗಿ ಹತ್ತು ವರ್ಷ ದಾಟಿತು. ನಾನಂತೂ ಚೆನ್ನಾಗಿದ್ದೇನೆ. ಹೊಟ್ಟೆ ಬಂದಿದೆ. ಪಂಚಾಯ್ತಿ ಕಚೇರಿಯಲ್ಲಿ ಗುಮಾಸ್ತನ ಕುರ್ಚಿ ಇದೆ. ದಾರಿಯಲ್ಲಿ ಹೋಗುತ್ತಿದ್ದರೆ ಜಗುಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ಇದನ್ನು ಓದಿ ನಿಮಗೆ ಸಂತೋಷವಾಗುವುದಿಲ್ಲ ಎಂದು ಗೊತ್ತು. ಗೊತ್ತಿದ್ದೇ ಬರೆದೆ.

ಆ ಸೇದುವ ಬಾವಿಯ ದಾರಿ ನೆನಪಿದೆಯೇ? ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಹಿಡಿದು ತಂದು, ನಾಟಕದ ಹೆಣ್ಣು ಪಾತ್ರಕ್ಕೆಂದು ನಿಮ್ಮ ತಾಯಿಯ ಹಳೇ ಸೀರೆ ಉಡಿಸಿ, ಬೆಳಗ್ಗೆ ಹತ್ತು ಗಂಟೆಗೆ ಊರಿನ ನಡುವೆ ನಡೆಸಿದಿರಿ. ತಲೆಯ ಮೇಲೆ ತುಂಬಿದ ಕೊಡ. "ಹೆಂಗಸರ ನಡಿಗೆನ ಹೆಂಗಸರ ಮುಂದೇನೇ ಕಲೀಬೇಕು ಕಣೋ" ಎಂದಿರಿ. ಬಾವಿಕಟ್ಟೆಯಲ್ಲಿದ್ದವರು ನಕ್ಕು ನಕ್ಕು ಹಗ್ಗ ಬಿಟ್ಟರು. ನಮ್ಮಮ್ಮನೂ ಅಲ್ಲೇ ಇದ್ದಳು, ತಲೆ ತಗ್ಗಿಸಿಕೊಂಡಳು. ಕೊಡ ಜಾರಿ ಬಿತ್ತು. ಎಲ್ಲರ ಎದುರಿಗೇ ನನ್ನ ಕೆನ್ನೆಗೆ ಬಾರಿಸಿದಿರಿ. ಸತ್ತವರನ್ನೆಲ್ಲ ದೇವರು ಮಾಡುವ ಅಭ್ಯಾಸ ಊರಿಗಿರಬಹುದು, ನನಗಿಲ್ಲ. ನೀವು ಒಳ್ಳೆಯವರಾಗಿರಲಿಲ್ಲ ಮೇಷ್ಟ್ರೇ. ಸರಿಯಾಗಿದ್ದಿರಿ ಅಷ್ಟೇ, ಮತ್ತು ಸರಿಯಾಗಿರುವವರ ಜೊತೆ ಬದುಕುವುದು ಬಹಳ ಕಷ್ಟ.

ಆ ನಾಟಕದ ಕಥೆಯನ್ನು ನನಗೆ ಮೊದಲು ಹೇಳಿದ್ದು ಒಂದು ಶನಿವಾರ, ಮಕ್ಕಳೆಲ್ಲ ಮನೆಗೆ ಹೋದಮೇಲೆ, ಏಳನೇ ಕ್ಲಾಸಿನ ಕೋಣೆಯಲ್ಲಿ. ಬೆಂಗಳೂರಿನ ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕ ಮೇಜಿನ ಮೇಲಿತ್ತು. ಗ್ರೀಕರ ದುರಂತ ನಾಟಕ, ಸಾವಿರಾರು ವರ್ಷದ ಹಿಂದಿನದು. ರಾಜನಿಗೆ ತಿರುಗಿ ಬಿದ್ದು ಸತ್ತವನ ಹೆಣಕ್ಕೆ ಯಾರೂ ಮಣ್ಣು ಹಾಕಕೂಡದೆಂದು ರಾಜನ ಅಪ್ಪಣೆ. ತಂಗಿ ಹೋಗಿ ಹಾಕುತ್ತಾಳೆ. ರಾಜ ಅವಳ ಸ್ವಂತ ಸೋದರಮಾವ. ನೀವು ಅದನ್ನು ಬಿಳಿಯರ ಕಾಲಕ್ಕೆ ತಂದಿದ್ದಿರಿ. ಅಪ್ಪಣೆ ಬೆಂಗಳೂರು ದಂಡಿನ ದೊರೆಯದು. ಆದರೆ ದೊರೆ ರಂಗದ ಮೇಲೆ ಬರುವುದೇ ಇಲ್ಲ, ಅವನ ಕಾಗದ ಮಾತ್ರ ಬರುತ್ತದೆ. ಅದನ್ನು ಓದಿ ಹೆಣಕ್ಕೆ ಕಾವಲು ನಿಲ್ಲಿಸುವವನು ಊರಿನ ಪಟೇಲ, ಹುಡುಗಿಯ ಮಾವ. "ದೊರೆ ಪಾತ್ರವೇ ಇಲ್ದೆ ಜನ ನೋಡ್ತಾರಾ ಸಾ? ಟೋಪಿ, ಬೂಟು, ಬಂದೂಕ ಏನೂ ಇಲ್ವಾ?" ಎಂದು ಕೇಳಿದೆ. ಕೈಯಲ್ಲಿದ್ದ ಸೀಮೆಸುಣ್ಣವನ್ನು ನನ್ನ ಮುಖಕ್ಕೆ ಎಸೆದಿರಿ. "ದೊರೆ ಹಡಗು ಹತ್ತಿ ಹೋಗಿ ಎಷ್ಟೋ ವರ್ಷ ಆಯ್ತು. ಮಾವ ಇನ್ನೂ ಇಲ್ಲೇ ಇದಾನೆ. ಜನ ಅವನನ್ನ ನೋಡ್ಲಿ." ನನಗೆ ಆಗಲೇ ಎಲ್ಲ ಅರ್ಥವಾಗಿತ್ತು. ಪೂರ್ತಿ ಅರ್ಥವಾಗಿತ್ತು, ಇದನ್ನು ಗಮನದಲ್ಲಿಟ್ಟುಕೊಳ್ಳಿ.

ಪಾತ್ರ ಹಂಚಿದ ದಿನ ಪಟೇಲ್ ಪಿಳ್ಳೇಗೌಡರು ಶಾಲೆಗೆ ಬಂದರು. ಪಟೇಲಿಕೆಯನ್ನು ಸರ್ಕಾರ ತೆಗೆದಿತ್ತು, ಊರು ತೆಗೆದಿರಲಿಲ್ಲ. ನಮ್ಮಪ್ಪ ಉಳುತ್ತಿದ್ದ ಹೊಲವೂ ಅವರದೇ. ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತಲ್ಲ, ಪಾತ್ರ ಯಾರಿಗೆ ಒಪ್ಪುತ್ತದೆಂದು ಯಾರೂ ನೋಡುವುದಿಲ್ಲ. ಹೆಚ್ಚು ಚಂದಾ ಕೊಟ್ಟವನಿಗೆ ದೊಡ್ಡ ಪಾತ್ರ. "ಮೇಷ್ಟ್ರೇ, ಆ ಗೌಡನ್ ಪಾತ್ರ ನಂಗಿರ್ಲಿ. ಹುಟ್ದಾಗ್ಲಿಂದ ಪ್ರಾಕ್ಟೀಸ್ ಐತೆ" ಎಂದು ನಕ್ಕರು. ನೀವೂ ನಕ್ಕಿರಿ. ಒಬ್ಬೊಬ್ಬರಿಗೂ ಅವರವರ ಮಾತಷ್ಟೇ ಬರೆದುಕೊಡುವುದು ನಾಟಕದ ರೂಢಿ. ಪೂರ್ತಿ ನೋಟ್‌ಬುಕ್ಕು ಮೇಷ್ಟ್ರ ಹತ್ತಿರ. ಗೌಡರಿಗೆ ಸಿಕ್ಕಿದ್ದು ನಾಲ್ಕು ಹಾಳೆ, ಅದರ ತುಂಬ ಗುಡುಗು, ಅಪ್ಪಣೆ. ಅವರು ಪ್ರಾಕ್ಟೀಸಿಗೂ ಬರುತ್ತಿರಲಿಲ್ಲ. ನೀವೇ ಅವರ ಜಗುಲಿಗೆ ಹೋಗಿ ಹೇಳಿಸಿ ಬರುತ್ತಿದ್ದಿರಿ. ತಾನೇ ನಾಟಕದ ನಾಯಕ ಎಂದುಕೊಂಡಿದ್ದರು, ಪಾಪ. ನೀವು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹಗಲಿನಲ್ಲೇ ಆಡಬೇಕೆಂದು ಹಟ ಹಿಡಿದಿರಿ, ಗ್ರೀಕರು ಹಾಗೇ ಆಡುತ್ತಿದ್ದರೆಂದು. "ಹಗಲೊತ್ತು ನಾಟ್ಕ ನೋಡಾಕೆ ನಮ್ಗೇನ್ ಗೇಯ್ಮೆ ಇಲ್ವಾ?" ಎಂದು ಬೈದ ಜನ ರಾಗಿ ಕಟಾವಾದ ಮೇಲೆ ಶಾಲೆಯ ಬಯಲಿಗೆ ಬಂದರು. ಪಕ್ಕದೂರು ಆವತಿಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಗೌಡರು ಬಾಡಿಗೆ ಉಡುಪು ಬೇಡವೆಂದು ಮನೆಯಿಂದಲೇ ತಂದಿದ್ದರು. ದೊರೆಗಳು ಅವರ ತಾತನಿಗೆ ಇನಾಮು ಕೊಟ್ಟಿದ್ದ ಕೆಂಪು ಜರಿ ಪೇಟ, ಬೆಳ್ಳಿ ಹಿಡಿಯ ಕತ್ತಿ. ಆ ಇನಾಮು ಯಾತಕ್ಕೆ ಬಂತೆಂದು ಊರಿಗೆಲ್ಲ ಗೊತ್ತಿತ್ತು. ದಂಡಿನ ದೊರೆಗಳ ಡೇರೆಗೆ ಬಿಟ್ಟಿ ಗಾಡಿ ಹೊಡೆಯುವುದಿಲ್ಲ ಎಂದ ನಮ್ಮೂರ ಮುದುಕಿ ಗಂಗಜ್ಜಿಯ ತಾತನನ್ನು ಅವರ ಸಿಪಾಯಿಗಳು ಬಡಿದು ಸಾಯಿಸಿ, ಡೇರೆ ಏಳುವವರೆಗೆ ಮೂರು ದಿನ ಕೆರೆ ಏರಿಯ ಮೇಲೆ ಕೆಡವಿದ್ದರಂತೆ. ಹೆಣ ಮುಟ್ಟಲು ಬಂದವರನ್ನು ದೊಣ್ಣೆ ಹಿಡಿದು ಓಡಿಸಿದವರು ಗೌಡರ ತಾತ. ತುಮಕೂರು ಕಡೆಯಿಂದ ವರ್ಗವಾಗಿ ಬಂದ ನಿಮಗೆ ಇದು ಗೊತ್ತಿತ್ತೇ? ಗ್ರೀಕ್ ಪುಸ್ತಕದಿಂದಲೇ ಇಳಿಸಿಕೊಂಡಿರೋ, ಯಾರದೋ ಜಗುಲಿಯಲ್ಲಿ ಕೇಳಿಸಿಕೊಂಡಿರೋ? ಕೇಳಬೇಕೆಂದಿದ್ದೆ. ಆಮೇಲೆ ಕೇಳುವುದಕ್ಕೆ ಮುಖ...

ಮೊದಲ ಅಪ್ಪಣೆಯ ಮಾತಿಗೇ ಶಿಳ್ಳೆ ಬಿತ್ತು. "ಒನ್ಸ್ ಮೋರ್!" ಗೌಡರು ಮೀಸೆ ತಿರುವಿ ಮತ್ತೆ ಹೇಳಿದರು. ಮತ್ತೆ ಶಿಳ್ಳೆ, ಮತ್ತೆ ಹೇಳಿದರು. ಹೆಣಕ್ಕೆ ಮಣ್ಣು ಹಾಕಿದರೆ ಕೈ ಕತ್ತರಿಸುತ್ತೇನೆ ಎನ್ನುವುದನ್ನು ಊರು ಮೂರು ಸಲ ಕೇಳಿ ಚಪ್ಪಾಳೆ ತಟ್ಟಿತು. ನೀವು ಪರದೆಯ ಹಿಂದೆ ಬಿಳಿಚಿಕೊಂಡು ನಿಂತಿದ್ದಿರಿ. ನಿಮ್ಮ ಗ್ರೀಕರಿಗೆ ಹೀಗಾಗುತ್ತಿತ್ತೇ ಮೇಷ್ಟ್ರೇ? ಆಮೇಲೆ ನನ್ನ ಸರದಿ ಬಂತು. ಸೀರೆಯ ಸೆರಗು ಸಿಕ್ಕಿಸಿ, ಮಣ್ಣು ಮೆತ್ತಿದ ಕೈ ಎತ್ತಿ ಹಿಡಿದು ಅವರ ಎದುರಿಗೆ ನಿಂತೆ. "ದೊರೆ ಕುದುರೆಯ ಮೇಲೆ ಬಂದ, ಕುದುರೆಯ ಮೇಲೇ ಹೋದ. ನಮ್ಮ ಹೆಣ ಕಾಯುತ್ತ ನಿಂತಿರುವವನು ನೀನು, ಮಾವ. ಅವನ ಕತ್ತಿ ನಿನ್ನ ಸೊಂಟದಲ್ಲಿದೆ" ಎಂದೆ. ಗೌಡರು ಆ ಮಾತನ್ನು ಮೊದಲ ಸಲ ಕೇಳುತ್ತಿದ್ದರು. ರಾತ್ರಿಯ ನಾಟಕವಾಗಿದ್ದರೆ ನೋಡುವವರ ಮುಖ ಕಾಣುತ್ತಿರಲಿಲ್ಲ. ಅವತ್ತು ಎಲ್ಲರ ಮುಖವೂ ಕಾಣುತ್ತಿತ್ತು, ಎಲ್ಲರ ಕಣ್ಣೂ ಆ ಕತ್ತಿಯ ಮೇಲಿತ್ತು.

ಆಗ ಗಂಗಜ್ಜಿ ಎದ್ದಳು. ಎಂಬತ್ತು ದಾಟಿದ ಜೀವ, ಸೊಸೆಯ ಭುಜ ಹಿಡಿದುಕೊಂಡು ಎದ್ದು, "ಅಲ್ಲ ಕಣ್ರಪ್ಪ, ಆ ಬುಕ್ಕು ಬರ್ದೋನು ನಮ್ಮೂರ್ಗೆ ಯಾವಾಗ್ ಬಂದಿದ್ದ? ಇದು ನಮ್ ತಾತುನ್ ಕತೆ!" ಎಂದಳು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬಯಲೆಲ್ಲ ನಕ್ಕಿತು. ಗೌಡರ ಮುಂದಿನ ಮಾತಿಗೆ ಹೊತ್ತಾಗಿತ್ತು, ನೀವು ಒಳಗಿನಿಂದ ಎರಡು ಸಲ ಹೇಳಿಕೊಟ್ಟಿರಿ. ಅವರು ಪೇಟ ತೆಗೆಯದೆ, ಕತ್ತಿ ಬಿಚ್ಚದೆ, ಜನರ ನಡುವೆಯೇ ದಾರಿ ಮಾಡಿಕೊಂಡು ಮನೆಗೆ ನಡೆದರು. ಯಾರೂ ದಾರಿ ಬಿಡಲು ಏಳಲಿಲ್ಲ. ಅದು ಅವರು ಮರೆಯದ ಸಂಗತಿ.

ಒಂದು ಗಂಟೆಯೊಳಗೆ ಶಾಲೆಯ ಜಗುಲಿಗೆ ವಾಪಸು ಬಂದರು. ನಾನಿನ್ನೂ ಸೀರೆ ಬಿಚ್ಚಿರಲಿಲ್ಲ, ಮುಖದ ಬಣ್ಣ ತೊಳೆದಿರಲಿಲ್ಲ. ಅವರ ಹಿಂದೆ ನಮ್ಮಪ್ಪ ಟವಲು ಕಂಕುಳಲ್ಲಿಟ್ಟುಕೊಂಡು ಕೈ ಮುಗಿದು ನಿಂತಿದ್ದ. "ಏನ್ಲಾ ಮುನಿರಾಜ, ಆ ಮಾತು ನಿಂದೋ, ಮೇಷ್ಟ್ರುದೋ?" ನಾನು ಅಪ್ಪನ ಕಡೆ ನೋಡಿದೆ. "ಮೇಷ್ಟ್ರುದು ಗೌಡ್ರೇ. ಅವ್ರು ಬರ್ಕೊಟ್ರು, ನಾನು ಒಪ್ಪಿಸ್ದೆ. ಅದ್ರರ್ಥ ನಂಗೇನ್ ಗೊತ್ತು? ಬಿಳೀರ್ನ ಬೈಯೋ ನಾಟ್ಕ ಅಂದಿದ್ರು. ನಿಮ್ಗೆ ಹಿಂಗ್ ಮಾಡ್ತಾರೆ ಅಂತ ಗೊತ್ತಿದ್ರೆ ನಾನ್ ಸೀರೆ ಉಡ್ತಿದ್ನಾ?" ನೀವು ಬಾಗಿಲಲ್ಲೇ ನಿಂತಿದ್ದಿರಿ. ನೋಡಿಕೊಂಡೇ ಹೇಳಿದೆ. ನೀವು ಕೂಗಾಡಬಹುದಿತ್ತು, ಹೊಡೆಯಬಹುದಿತ್ತು. "ಇವತ್ತು ಮಾತು ಸಹಜವಾಗಿ ಬಂತು ಕಣೋ. ಒಂದು ಕಡೆನೂ ತಡವರಿಸಲಿಲ್ಲ" ಎಂದಿರಿ. ನೀವು ನನ್ನನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಅಷ್ಟು ಕ್ರೂರವಾಗಿ ಯಾರೂ ನನ್ನನ್ನು ಬೈದಿಲ್ಲ.

ಗಂಗಜ್ಜಿ ಸತ್ತದ್ದು ಅದಾದ ಎರಡು ತಿಂಗಳಿಗೆ, ಬೆಳಗ್ಗೆ ರೊಟ್ಟಿ ತಟ್ಟುವ ಹೊತ್ತಿಗೆ. ಮದುವೆಗೆ ಹೋಗದಿದ್ದರೂ ಮಣ್ಣಿಗೆ ಹೋಗಬೇಕು ಎನ್ನುವ ಊರು ನಮ್ಮದು. ಕೋರ್ಟಿನಲ್ಲಿ ಹೊಡೆದಾಡುತ್ತಿರುವವನೂ ಎದುರಾಳಿಯ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬರುತ್ತಾನೆ. ಗೌಡರು ನನಗೆ ಹೇಳಿಕಳಿಸಿದರು. "ಮನೆಮನೆಗೂ ಹೇಳ್ಬಿಟ್ ಬಾ. ಆ ಮುದ್ಕಿ ಮಣ್ಣಿಗೆ ಯಾರೂ ಹೋಗ್ಕೂಡ್ದು. ಹೋದೋರು ನನ್ ಹೊಲಕ್ಕೆ ಕಾಲಿಡ್ಕೂಡ್ದು." ಊರಲ್ಲಿ ಯಾರು ಬೇಕಾದರೂ ಆ ಮಾತು ಹೇಳಬಹುದಿತ್ತು. ನನ್ನನ್ನೇ ಯಾಕೆ ಆರಿಸಿದರೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೊದಲನೆಯ ಮನೆಯಲ್ಲಿ ಪಿಸುಗುಟ್ಟಿದೆ. ಹತ್ತನೆಯ ಮನೆಯ ಹೊತ್ತಿಗೆ ಗಂಟಲು ಬಿಟ್ಟಿತ್ತು. ಕೊನೆಯ ಬೀದಿಯಲ್ಲಿ ನಡುಬೀದಿಗೆ ನಿಂತು ಎಲ್ಲ ಬಾಗಿಲಿಗೂ ಕೇಳುವ ಹಾಗೆ ಹೇಳಿದೆ. ಎದೆಯಿಂದ ದನಿ ತೆಗೆಯಬೇಕು, ಕೊನೆಯ ಅಕ್ಷರ ನುಂಗಬಾರದು. ಎಲ್ಲ ನೀವು ಕಲಿಸಿದ್ದೇ. ಜನ ಕದ ಹಾಕಿಕೊಂಡರು.

ಶಾಲೆಗೆ ಬೀಗ ಹಾಕಿ ನೀವು ಗಂಗಜ್ಜಿಯ ಮನೆಗೆ ಹೋದಿರಿ. ಚಟ್ಟಕ್ಕೆ ನಾಲ್ಕು ಹೆಗಲು ಬೇಕು, ಇದ್ದದ್ದು ಅವಳ ಮಗ ಮತ್ತು ನೀವು. ಗಾಡಿಯಲ್ಲಿ ಮಲಗಿಸಿಕೊಂಡು ಹೋದಿರಿ. ಗುಂಡಿ ತೋಡಲೂ ಯಾರೂ ಬರಲಿಲ್ಲ. ನಾನು ಕೆರೆ ಏರಿಯ ಈ ಕಡೆ ಹೊಂಗೆ ಮರದ ಹಿಂದೆ ನಿಂತು ನೋಡಿದೆ. ಯಾರು ಹೋದರೆಂದು ಗೌಡರಿಗೆ ಹೇಳಬೇಕಾಗಿತ್ತಲ್ಲ. ಪುಸ್ತಕ ಹಿಡಿದ ಕೈಗೆ ಹಾರೆ ಒಗ್ಗುತ್ತಿರಲಿಲ್ಲ, ಮೂರೇಟಿಗೊಮ್ಮೆ ನಿಂತು ಉಸಿರು ಬಿಡುತ್ತಿದ್ದಿರಿ. ಇಳಿದುಬಂದು ನಿಮ್ಮ ಕೈಯಿಂದ ಹಾರೆ ಇಸಿದುಕೊಂಡಿದ್ದರೆ ಏನಾಗುತ್ತಿತ್ತು? ಅಪ್ಪನ ಹೊಲ ಹೋಗುತ್ತಿತ್ತು. ಕೂಲಿ ಮಾಡುತ್ತಿದ್ದೆವು. ಸಾಯುತ್ತಿರಲಿಲ್ಲ. ಸಂಜೆ ಗೌಡರ ಜಗುಲಿಗೆ ಹೋಗಿ ನಿಮ್ಮ ಹೆಸರು ಹೇಳಿದೆ. ತಿಂಗಳೊಳಗೆ ನಿಮಗೆ ದೂರದ ಊರಿಗೆ ವರ್ಗವಾಯಿತು, ನನಗೆ ಪಂಚಾಯ್ತಿಯಲ್ಲಿ ಕೆಲಸವಾಯಿತು.

ಹೊರಟ ದಿನ ನಮ್ಮ ಮನೆಗೆ ಬಂದಿರಂತೆ. ನಾನು ಹಿತ್ತಲಲ್ಲಿದ್ದೆ, ಒಳಗೆ ಬರಲಿಲ್ಲ. ನಾಟಕದ ಪೂರ್ತಿ ನೋಟ್‌ಬುಕ್ಕನ್ನು ಅಮ್ಮನ ಕೈಗೆ ಕೊಟ್ಟು, "ಅವನಿಗೆ ಅವನ ಮಾತಷ್ಟೇ ಗೊತ್ತು. ಪೂರ್ತಿ ಓದ್ಕೊಳ್ಳೋಕೆ ಹೇಳಿ" ಎಂದಿರಂತೆ. ನಾನು ಓದಲಿಲ್ಲ. ಎರಡು ವರ್ಷಕ್ಕೆ ನೀವು ಅಲ್ಲೇ ತೀರಿಕೊಂಡ ಕಾಗದ ಬಂತು. ನಿಮ್ಮ ಮಣ್ಣಿಗೂ ಹೋಗಲಿಲ್ಲ. ಅದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. ನಾನೇ ಹೋಗಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಪಿಳ್ಳೇಗೌಡರು ಹೋದ ವರ್ಷ ಸತ್ತರು. ನಮ್ಮಕ್ಕನ ಮಗಳು ಜಯ ದೇವನಹಳ್ಳಿಯಲ್ಲಿ ಓದುತ್ತಾಳೆ, ಹದಿನೇಳು ವರ್ಷ, ನಿಮ್ಮಷ್ಟೇ ಕೆಟ್ಟ ನಾಲಿಗೆ. ನಮ್ಮ ಮನೆಯ ಟ್ರಂಕಿನಲ್ಲಿ ಆ ನೋಟ್‌ಬುಕ್ಕು ಅವಳ ಕೈಗೆ ಸಿಕ್ಕಿದೆ. ಎರಡು ದಿನ ಓದಿ, ಮೂರನೆಯ ದಿನ ನನ್ನ ಮುಂದೆ ಬಂದು ಕೂತಳು. "ಮಾವ, ನಮ್ಮೂರ್ ಸ್ಕೂಲ್ ಬಯಲಲ್ಲಿ ಇದನ್ನ ಆಡ್ತೀವಿ. ತಂಗಿ ಪಾತ್ರ ನಂದು." ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡುತ್ತಾಳೆ ಮೇಷ್ಟ್ರೇ, ಅದು ನಿಮಗೆ ಸಂತೋಷ. "ಒಳ್ಳೇದು ಕಣಮ್ಮ, ಮಾವನ್ ಪಾತ್ರ ಯಾರ್ದು?" ಎಂದೆ. "ನಿಂದು" ಎಂದಳು. ನನಗೆ ಅಭ್ಯಾಸ ತಪ್ಪಿದೆ, ಬಣ್ಣ ಹಚ್ಚಿ ಎಷ್ಟೋ ವರ್ಷವಾಯಿತು ಎಂದೆ. "ನಿಂಗೆ ಬಣ್ಣ ಹಚ್ಚೋದೇ ಬ್ಯಾಡ ಬಿಡು ಮಾವ. ಗಂಗಜ್ಜಿ ಮಗ ನಂಗೆ ಎಲ್ಲಾ ಹೇಳವ್ನೆ." ನಗಲಿಲ್ಲ ಅವಳು. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಒಪ್ಪಿಕೊಂಡಿದ್ದೇನೆ. ಗೌಡರು ಎದ್ದುಹೋದ ಜಾಗದಿಂದ ಮುಂದೆ ಏನಿದೆ ಎಂದು ಈಗ ಓದಿದೆ, ಅದನ್ನು ಇದುವರೆಗೆ ಯಾರೂ ಆಡಿಯೇ ಇಲ್ಲ. ಎಲ್ಲ ಮುಗಿದ ಮೇಲೆ ಮಾವನೊಬ್ಬನೇ ಊರಿನ ಎದುರಿಗೆ ನಿಂತು "ಮಾಡಿದ್ದು ನಾನೇ" ಎನ್ನಬೇಕು. ಎರಡೇ ಪದ, ಗೌಡರು ತಮ್ಮ ಹಾಳೆಯಲ್ಲಿ ಅದನ್ನೂ ಜಂಬದ ಮಾತೆಂದೇ ಓದಿಕೊಂಡಿದ್ದರೇನೋ. ಕಚೇರಿಯಲ್ಲಿ ಒಬ್ಬನೇ ಇದ್ದಾಗ ಹೇಳಿ ನೋಡುತ್ತೇನೆ, ಇನ್ನೂ ಸರಿಯಾಗಿ ಬಾಯಿಂದ ಹೊರಡುತ್ತಿಲ್ಲ. ಆಡುವ ದಿನ ಗಂಗಜ್ಜಿಯ ಮಗನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತಾಳಂತೆ ಜಯ. ಅವನ ಮುಖ ನೋಡಿಕೊಂಡೇ ಹೇಳುತ್ತೇನೆ. ಆಮೇಲೆ ಅವನು ಬಂದು, ಆ ಮಾತು ನಿಂದೋ ಮೇಷ್ಟ್ರುದೋ ಎಂದು ಕೇಳಿದರೆ, ನಿಮ್ಮದು ಎಂದು ಈ ಸಲ ಹೇಳುವುದಿಲ್ಲ.

ಮುನಿರಾಜು