ಹಳಿ ನನಗೆ, ಇಂಜಿನ್ ನಿನಗೆ

ಹೊಲಿಗೆ ಅಂಗಡಿಯ ಮೇಲಿನ ಮನೆ
ಜೂನ್ ೯, ಮಂಗಳವಾರ, ಊಟದ ನಂತರ

ಪ್ರೀತಿಯ ಗುಂಡೂ,

ಹೇಗಿದ್ದೀಯ? ಸೊಂಟನೋವು ಹೇಗಿದೆ? ಬಸ್ಸಿನ ಸೀಟಿಗೆ ದಿಂಬು ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಉಳಿದ ಡ್ರೈವರುಗಳು ನಗುತ್ತಾರೆಂದು ಹಲ್ಲು ಕಚ್ಚಿಕೊಂಡು ಹಾಗೇ ಕೂರುತ್ತೀಯೋ? ಐವತ್ತು ದಾಟಿದವನನ್ನು ಗುಂಡು ಅನ್ನಬಾರದು ಎಂದು ನಿನ್ನ ಹೆಂಡತಿ ಒಮ್ಮೆ ಮೆತ್ತಗೆ ಹೇಳಿದ್ದಳು. ನಿನ್ನನ್ನು ಹೊತ್ತು ತಿರುಗಿಯೇ ನನ್ನ ಸೊಂಟವೂ ಹಾಳಾದದ್ದು, ಹಾಗಾಗಿ ಆ ಹಕ್ಕು ನನಗಿದೆ ಎಂದು ಅವಳಿಗೆ ತಿಳಿಸು. ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾಗುವ ಕಾಲ, ಯೂನಿಫಾರಂ ಬಟ್ಟೆ ಕಿಟಕಿ ಮುಚ್ಚುವಷ್ಟು ಬಿದ್ದಿದೆ. ಸೂಜಿಗೆ ದಾರ ಪೋಣಿಸಲು ಕನ್ನಡಕ ಸಾಲುತ್ತಿಲ್ಲ, ಅಪ್ಪ ನಮ್ಮ ಆಟದ ರೈಲಿನ ಇಂಜಿನ್ನಿನ ಹಲ್ಲುಚಕ್ರ ನೋಡುತ್ತಿದ್ದ ಭೂತಗನ್ನಡಿ ಹಿಡಿಯುತ್ತೇನೆ. ನಾಲ್ಕು ವರ್ಷದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಸುತ್ತಿ ಬಳಸಿ ಬರೆಯುತ್ತೇನೆ, ಸಹಿಸಿಕೋ.

ಕಳೆದ ವಾರ ಹಳೇ ಸಾಮಾನಿನ ವ್ಯಾಪಾರಿ ಅಂಗಡಿಗೆ ಬಂದಿದ್ದರು. ಅಪ್ಪನಿಗೆ ನಮ್ಮ ಮೊದಲ ಇಂಜಿನ್ ಹುಡುಕಿಕೊಟ್ಟವರೇ. ಹೊಟ್ಟೆ ಬಂದಿದೆ, ಪ್ಯಾಂಟಿನ ಸೊಂಟ ಸಡಿಲ ಮಾಡಿಸಬೇಕಿತ್ತು. ನಾನು ಟೇಪು ಸುತ್ತುತ್ತಿರುವಾಗ, "ನಿಮ್ಮಪ್ಪನ ಆ ವಿಚಿತ್ರ ಅಳತೆ ರೈಲಿತ್ತಲ್ಲಮ್ಮ, ಅದಕ್ಕೆ ಯಾರೋ ಹಳಿ ಹುಡುಕ್ತಿದಾರೆ. ಕಂಡಕಂಡ ಅಂಗಡೀಲೆಲ್ಲಾ ಹೇಳಿಟ್ಟಿದಾರಂತೆ" ಅಂದರು. ಎಂಥ ಇಂಜಿನ್ನಂತೆ ಎಂದು ಕೇಳಿದೆ. ಹಸಿರು ಬಣ್ಣ, ಹಿತ್ತಾಳೆ ಗಂಟೆ, ಮುಂದಿನ ಒಂದು ಚಕ್ರಕ್ಕೆ ಬೆಸುಗೆ ಹಾಕಿದೆಯಂತೆ ಅಂದರು. ನಮ್ಮದೇ ಇಂಜಿನ್, ಹುಡುಕುತ್ತಿರುವವನು ನೀನೇ. ಟೇಪಿನಲ್ಲಿದ್ದ ನಲವತ್ತೆರಡನ್ನು ಮೂವತ್ತೆರಡು ಎಂದು ಬರೆದುಕೊಂಡು, ಬಿಚ್ಚಬೇಕಾದ ಪ್ಯಾಂಟನ್ನು ಹಿಡಿದು ಹೊಲಿದುಬಿಟ್ಟೆ. ಪಾಪ, ಈಗ ಅದು ಅವರ ಮೊಮ್ಮಗನಿಗೂ ಬಿಗಿ. ಹಳಿ ನನ್ನ ಮಂಚದ ಕೆಳಗೇ ಇದೆ ಎಂದು ಅವರಿಗೆ ಹೇಳಲಿಲ್ಲ. ನಿನಗೆ ಬೇರೆ ಕಡೆ ಹಳಿ ಸಿಕ್ಕಿಬಿಟ್ಟರೆ ಆಮೇಲೆ ನನ್ನ ನೆನಪಾದರೂ ಯಾಕೆ ಬರಬೇಕು ಎಂಬ ಹೆದರಿಕೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ? ಅಂಗಡಿಗಳಲ್ಲಿ ಸಿಗುವ ಆಟದ ರೈಲೆಲ್ಲ ಒಂದು ಅಳತೆ, ನಮ್ಮದೇ ಒಂದು ಅಳತೆ. ಅವಕ್ಕಿಂತ ಒಂದು ಸುತ್ತು ದೊಡ್ಡದು, ನಿಜವಾದ ರೈಲಿನ ಅರವತ್ತನಾಲ್ಕರಲ್ಲಿ ಒಂದು ಪಾಲು. ಅದನ್ನು ಮಾಡುತ್ತಿದ್ದವರು ನಾವು ಹುಟ್ಟುವ ಮೊದಲೇ ಬಾಗಿಲು ಹಾಕಿಕೊಂಡಿದ್ದರು. ಒಂದು ತಿರುಪು ಬಿದ್ದುಹೋದರೂ ಇನ್ನೊಂದು ಸಿಗುತ್ತಿರಲಿಲ್ಲ. ಅಪ್ಪ ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಬಂದು, ಕೈಯ ಗ್ರೀಸು ಪೂರ್ತಿ ತೊಳೆಯದೆಯೇ ಕೂತು ಆ ತಿರುಪು ಅರೆಯುತ್ತಿದ್ದ. "ಎಲ್ರ ಹತ್ರ ಇರೋದು ನಮಗ್ಯಾಕೆ?" ಅನ್ನುತ್ತಿದ್ದ. ಅವನ ಒಂದೇ ನಿಯಮ, ರೈಲನ್ನು ಒಬ್ಬರೇ ಓಡಿಸುವಂತಿಲ್ಲ. ಮೇಜಿನ ಆ ತುದಿಯಲ್ಲಿ ಟ್ರಾನ್ಸ್‌ಫಾರ್ಮರಿನ ಹಿಡಿ ಹಿಡಿದು ನೀನು, ಈ ತುದಿಯಲ್ಲಿ ಹಳಿ ಕವಲೊಡೆಯುವ ಕಡೆ ನಾನು. "ಬಿಡ್ಲಾ ಅಕ್ಕಾ?" ಅನ್ನುತ್ತಿದ್ದೆ ನೀನು. "ತಡಿಯೋ, ಕವಲು ಕೂತಿಲ್ಲ" ಅನ್ನುತ್ತಿದ್ದೆ ನಾನು. ನಿನಗೆ ತಡೆಯುವುದೆಂದರೇನೆಂದು ಗೊತ್ತಿದ್ದರಲ್ಲವೇ. ಆದರೂ ಚಕ್ರ ಮುರಿದ ದಿನ ತಪ್ಪು ನಿನ್ನದಲ್ಲ. ನೀನು ನನ್ನ ಜಡೆ ಎಳೆದಿದ್ದೆ ಎಂಬ ಸಿಟ್ಟಿಗೆ ನಾನೇ ಬೇಕೆಂದು ಕವಲು ತಿರುಗಿಸಿ ಇಂಜಿನ್ನನ್ನು ನೆಲಕ್ಕೆ ಬೀಳಿಸಿದೆ. ಅಪ್ಪ ಬೈದದ್ದು ನಿನಗೆ. ನಾನು ತೆಪ್ಪಗಿದ್ದೆ. ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ, ಈಗ ಬೈದುಬಿಡು.

ಅಪ್ಪ ಹೋದ ಮೇಲೆ ನಾವಿಬ್ಬರೂ ಆಡಿದ ಮಾತು ನೆನಪಿದೆ. "ಅಪ್ಪನ್ನ ನೀನೊಬ್ಳೇ ಇಟ್ಕೊಂಡೆ" ಅಂದೆ ನೀನು. "ನೀನು ನೆಂಟನ ಹಾಗೆ ಬಂದು ಹೋದೆ" ಅಂದೆ ನಾನು. ಎರಡೂ ಸುಳ್ಳು. ಕಾಯಿಲೆಯ ಅಪ್ಪನನ್ನು ನೋಡಲು ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ಅಷ್ಟು ದೂರದಿಂದ ಬಂದು ಅವನ ಕಾಲು ಒತ್ತಿದವನು ನೀನು, ನಾನು ಕಂಡಿದ್ದೇನೆ. ಆದರೆ ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ. ಆ ಸಂಜೆಯೇ ಮೇಜಿನ ಮೇಲೆ ಪಾಲು ಮಾಡಿದೆವು. ಇಂಜಿನ್ನು, ಬೋಗಿ ಎಲ್ಲ ನಿನಗೆ. ಹಳಿ, ಕವಲು, ಟ್ರಾನ್ಸ್‌ಫಾರ್ಮರ್ ಎಲ್ಲ ನನಗೆ. ಸಮಸಮ ಆಯ್ತಲ್ಲ ಅಂದೆ ನಾನು. ನೀನು ತಲೆ ಎತ್ತದೆ ಇಂಜಿನ್ನುಗಳನ್ನು ನಿನ್ನ ಅಂಗಿಯಲ್ಲಿ ಸುತ್ತಿಕೊಂಡು ಹೊರಟುಹೋದೆ.

ಹಳಿ ಇಟ್ಟುಕೊಂಡು ನಾನು ಮಾಡಿದ್ದೇನು ಗೊತ್ತೇ? ತಿಂಗಳಿಗೊಮ್ಮೆ ತೆಗೆದು, ಅಪ್ಪ ಮಾಡುತ್ತಿದ್ದ ಹಾಗೆ ಪೆನ್ಸಿಲ್ ರಬ್ಬರಿನಲ್ಲಿ ತಿಕ್ಕಿ ಹೊಳಪು ಮಾಡುತ್ತೇನೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುತ್ತ ಜೋಡಿಸಿ, ಕರೆಂಟು ಕೊಟ್ಟು, ಬರೀ ಹಳಿ ನೋಡುತ್ತಾ ಕೂರುತ್ತೇನೆ. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿರುತ್ತದೆ. ಹೋದ ವರ್ಷ ತಡೆಯಲಾರದೆ ಒಂದು ಹಳೇ ಇಂಜಿನ್ ತರಿಸಿದೆ. ಅಳತೆ ಕೇಳದೆ ಜೇಬಿನ ಬಟ್ಟೆಯನ್ನೂ ಕತ್ತರಿಸದವಳು, ಅಳತೆ ಕೇಳುವುದನ್ನೇ ಮರೆತಿದ್ದೆ. ಹಳಿಯ ಮೇಲಿಟ್ಟರೆ ಎರಡು ಕಂಬಿಯ ನಡುವೆ ಪುಸಕ್ಕನೆ ಇಳಿದು ಕೂತಿತು, ದೊಡ್ಡವರ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ. ನಕ್ಕೆ. ನಕ್ಕಿದ್ದು ಮುಗಿದ ಮೇಲೆ ತುಂಬಾ ಹೊತ್ತು ಅತ್ತೆ. ಜೊತೆಯಲ್ಲಿ ನಗಲು ನೀನಿರಲಿಲ್ಲ ಎಂದು ಅತ್ತೆ, ಮತ್ತೇನಿಲ್ಲ. ನಿನ್ನ ಊರಿನ ಬಸ್ಸು ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲುತ್ತದೆ. ದಿನವೂ ಮಷೀನು ನಿಲ್ಲಿಸಿ ಯಾರು ಇಳಿದರೆಂದು ನೋಡುತ್ತೇನೆ. ಪಕ್ಕದ ಕ್ಷೌರದಂಗಡಿಯವನು ನನಗೆ ಬಸ್ಸಿನ ಹುಚ್ಚೆಂದು ಊರಿಗೆಲ್ಲ ಹೇಳಿದ್ದಾನೆ.

ಹೆಂಡತಿಗೆ ನನ್ನ ನೆನಪು ತಿಳಿಸು. ಮಗಳು ಈಗ ನಿನ್ನ ಭುಜ ಮುಟ್ಟುತ್ತಿರಬೇಕು, ಅವಳ ತಲೆ ಸವರು, ಭುಜದ ಅಳತೆ ಬರೆದು ಕಳಿಸು. ಇಂಜಿನ್ನಿಗೆ ಅಡುಗೆ ಎಣ್ಣೆ ಹಾಕಿ ಹಾಳುಮಾಡಬೇಡ, ಹೊಲಿಗೆ ಮಷೀನಿನ ಎಣ್ಣೆ ಒಂದೇ ತೊಟ್ಟು ಸಾಕು. ನೀನು ನೂರು ಕಾಲ ಚೆನ್ನಾಗಿರು.

ನಿನ್ನ ಗಯ್ಯಾಳಿ
ಅಕ್ಕ

ವಿ.ಸೂ.: ವ್ಯಾಪಾರಿಯ ಗಾಡಿ ಬಾಗಿಲಲ್ಲಿ ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಅವರಿಗೆ ನಿನ್ನೆ ಎಲ್ಲ ಹೇಳಿದೆ. ಅವತ್ತು ಪಾಲು ಮಾಡಿದ್ದು ಸಮಸಮ ಆಗಲೆಂದಲ್ಲ ಗುಂಡೂ. ಈ ಹಳಿ ಇನ್ನೆಲ್ಲೂ ಸಿಗುವುದಿಲ್ಲ ಎಂದು ಗೊತ್ತಿದ್ದೇ ಇಟ್ಟುಕೊಂಡೆ. ಇಂಜಿನ್ ಓಡಿಸಲಿಕ್ಕಾದರೂ ತಿಂಗಳೊಳಗೆ ನನ್ನ ಬಾಗಿಲಿಗೆ ಬರುತ್ತೀಯ ಅಂದುಕೊಂಡಿದ್ದೆ. ನೀನೂ ನನ್ನಷ್ಟೇ ಹಟಮಾರಿ ಎಂಬುದನ್ನು ಮರೆತಿದ್ದೆ. ಮೂರು ಪೆಟ್ಟಿಗೆ ಹಳಿ, ನಾಲ್ಕು ಕವಲು, ಟ್ರಾನ್ಸ್‌ಫಾರ್ಮರ್, ಎಲ್ಲವೂ ಈ ಕಾಗದದ ಜೊತೆಗೇ ನಿನ್ನ ಮನೆಗೆ ಬರುತ್ತಿವೆ. ಒಂದು ತುಂಡನ್ನೂ ಇಟ್ಟುಕೊಂಡಿಲ್ಲ. ಇನ್ನು ನೀನು ಇಲ್ಲಿಗೆ ಬರಲೇಬೇಕಾದ ಕಾರಣ ಯಾವುದೂ ಉಳಿದಿಲ್ಲ. ಆದರೂ ಬಾ.