ಆ ಕಾರು ನನ್ನ ಕೈಯಲ್ಲಿ ಆಗುವಂಥದ್ದಲ್ಲ

ಮಾನ್ಯ ಮುಖ್ಯ ತೀರ್ಪುಗಾರರೇ,

ವಿದ್ಯಾರ್ಥಿಗಳ ಕಿರು ರೇಸ್ ಕಾರು ಸ್ಪರ್ಧೆಯಿಂದ ನನ್ನ ಮಗಳ ತಂಡವನ್ನು ತಾವು ಹೊರಗೆ ಹಾಕಿದಿರಿ. ಕಾರು ಓಡಲಿಲ್ಲವೆಂದಲ್ಲ, ಓಡುವುದನ್ನು ತಾವು ನೋಡಲೇ ಇಲ್ಲ. ತಪಾಸಣೆಯ ಮೇಜಿನ ಮೇಲೆ ಅದನ್ನು ಹೊರಳಿಸಿ, ಬೆರಳಾಡಿಸಿ, ತಂದೆಯ ಕಸುಬೇನೆಂದು ಕೇಳಿದಿರಿ. ಬಡಗಿ ಎಂದಳು. ಕೂಡಲೇ ಹಾಳೆಯ ಮೇಲೆ ಬರೆದಿರಿ: 'ನುರಿತ ಕೈಯ ಕೆಲಸ. ಹದಿನಾಲ್ಕರ ಹುಡುಗಿಗೆ ಅಸಾಧ್ಯ.'

ನುರಿತ ಕೈ! ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ನನಗೆ ಸಿಕ್ಕ ಮೊದಲ ಪ್ರಶಂಸಾಪತ್ರವಿದು, ಮಾನ್ಯರೇ. ಅದನ್ನೇ ನಿರಾಕರಿಸಬೇಕಾಗಿ ಬಂದದ್ದು ನನ್ನ ಹಣೆಬರಹ. ನಾನು ಮಾಡಿದ ಕುರ್ಚಿ ಅಲುಗಾಡಿದರೆ ನೆಲವೇ ಡೊಂಕು ಎಂದು ವಾದಿಸುತ್ತೇನೆ. ನಮ್ಮ ಬೀದಿಯಲ್ಲಿ ಕಾಲಡಿಗೆ ಮಡಿಸಿದ ಕಾಗದ ಇಟ್ಟುಕೊಂಡು ನಿಂತಿರುವ ಮೇಜುಗಳೆಲ್ಲ ನನ್ನವೇ. ತಮ್ಮ ತೀರ್ಪು ಕೇಳಿ ನನ್ನ ಹೆಂಡತಿ ನಗು ತಡೆಯಲಾರದೆ ಕೂತುಬಿಟ್ಟಳು. "ಅಡುಗೆಮನೆ ಕಪಾಟಿನ ಬಾಗ್ಲು ಹದಿನಾರು ವರ್ಷದಿಂದ ದಾರದಲ್ಲಿ ಕಟ್ಟಿಟ್ಟಿದೀನಿ. ಅವ್ರನ್ನ ಒಂದ್ಸಲ ಕರ್ಕೊಂಡ್ ಬಂದು ತೋರ್ಸಿ," ಎಂದಳು. ಇದನ್ನೆಲ್ಲ ಹೀಗೆ ಬಹಿರಂಗವಾಗಿ ಬರೆದರೆ ಇರುವ ನಾಲ್ಕು ಗಿರಾಕಿಗಳೂ ಹೋದಾರು. ಹೋಗಲಿ.

ಹಾಗಾದರೆ ಹುಡುಗಿ ಕಲಿತದ್ದೆಲ್ಲಿ? ಗಿರಾಕಿಗಳು ವಾಪಸು ತಂದ ನನ್ನ ಕೆಲಸವನ್ನು ಸರಿಪಡಿಸುತ್ತ ಕಲಿತಳು. ಎಂಟನೆಯ ವಯಸ್ಸಿನಿಂದ ಅವಳ ಅಭ್ಯಾಸಕ್ಕೆ ಸಾಮಾನಿನ ಕೊರತೆಯಾಗದಂತೆ ನೋಡಿಕೊಂಡಿದ್ದೇನೆ. ಹಿರಿಯರ ನೆರವೆಂದರೆ ಅಷ್ಟೇ. ಗೆಳತಿಯರಿಬ್ಬರು ನಕ್ಷೆ ಬರೆದು ಚಕ್ರಗಳ ಅಳತೆ ಗೊತ್ತುಮಾಡಿದರು. ಅಂಗೈಯುದ್ದದ ಹಗುರ ಮರದ ತುಂಡನ್ನು ಇವಳು ಹತ್ತೊಂಬತ್ತು ಸಂಜೆ ಕೆತ್ತಿ, ಉಜ್ಜಿ, ಗಾಳಿ ಎಲ್ಲೂ ತಡೆಯದಂತೆ ನುಣುಪು ಮಾಡಿದಳು. ಒಮ್ಮೆ ನಾನು ಸಹಾಯಕ್ಕೆಂದು ಕೈ ಚಾಚಿದೆ. "ಅಪ್ಪ, ನೀವ್ ಮಾತ್ರ ಮುಟ್ಬೇಡಿ," ಎಂದಳು, ಮರ್ಯಾದೆಯಿಂದಲೇ. ಹಿರಿಯರು ಕೈಹಾಕಬಾರದೆಂಬ ತಮ್ಮ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರೆ ಯಾರಿದ್ದಾರೆ?

ಅಂದು ತಪಾಸಣೆಯಲ್ಲಿ ಪಾಸಾದ ಕಾರುಗಳನ್ನೂ ಕಂಡೆ. ಒಂದರ ಮುಂದಿನ ಚಕ್ರ ಏರಿಗೆಳೆದರೆ ಹಿಂದಿನದು ನೀರಿಗೆಳೆಯುತ್ತಿತ್ತು. ಅದನ್ನು ನಾನೇ ಮಾಡಿಕೊಟ್ಟೆನೆಂದು ತಾವು ಆರೋಪಿಸಿದ್ದರೆ ತೆಪ್ಪಗೆ ಒಪ್ಪಿಕೊಳ್ಳುತ್ತಿದ್ದೆ.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಆದರೆ ನಿನ್ನೆ ಶಾಲೆಯಿಂದ ಬಂದವಳು ಆ ಕಾರನ್ನು ಮಡಿಲಲ್ಲಿಟ್ಟುಕೊಂಡು ಒರಟು ಅರದಿಂದ ಅದರ ಪಕ್ಕೆ ಗೀಚತೊಡಗಿದಳು. ಯಾಕೆಂದು ಕೇಳಿದೆ.

"ಸ್ವಲ್ಪ ಕೆಟ್ಟದಾಗಿದ್ರೆ ನಾನೇ ಮಾಡಿದ್ದು ಅಂತ ನಂಬ್ತಾರೇನೋ," ಎಂದಳು.

ಅರವನ್ನು ಕಿತ್ತುಕೊಂಡೆ. ಕೆಟ್ಟ ಕೆಲಸ ಮಾಡುವುದಕ್ಕೆ ಈ ಮನೆಯಲ್ಲಿ ನಾನೊಬ್ಬ ಸಾಕು, ಮಾನ್ಯರೇ.

ಅಂತಿಮ ಓಟಕ್ಕೆ ಇನ್ನೂ ಎಂಟು ದಿನವಿದೆ. ನಮ್ಮಿಬ್ಬರನ್ನೂ ತಮ್ಮ ಕಣ್ಣೆದುರು ಕೂರಿಸಿ ಒಂದೊಂದು ಮರದ ತುಂಡು ಕೊಡಿ. ಅವಳು ಗೆದ್ದರೆ ತಂಡವನ್ನು ಓಟಕ್ಕೆ ಬಿಡಿ. ನಾನು ಮಗಳೆದುರು ಸೋತೆನೆಂದು ತಮ್ಮದೇ ಅಕ್ಷರದಲ್ಲಿ ಬರೆದು ಸಹಿ ಹಾಕಿ ಕೊಡಿ. ಬಂದವರಿಗೆಲ್ಲ ಕಾಣುವಂತೆ ಅಂಗಡಿಯ ಗೋಡೆಗೆ ತೂಗುಹಾಕುತ್ತೇನೆ. ಚೌಕಟ್ಟನ್ನು ಅವಳ ಕೈಯಲ್ಲೇ ಮಾಡಿಸುತ್ತೇನೆ.

ಇಂತಿ,
ತಮ್ಮ ಹೊಗಳಿಕೆಗೆ ಸುತರಾಂ ಅರ್ಹನಲ್ಲದ
ಒಬ್ಬ ಬಡಗಿ